ಬ್ಯಾಂಕ್ ಹರಾಜಿಗೆ ಬಂದ ಪೀಣ್ಯದ ಹಳೇ ಪ್ಲೇಟಿಂಗ್ ಶೆಡ್: ನೆಲ, ನೀರು ಕೆಟ್ಟಿದ್ದರೆ ಹೊಣೆ ಯಾರದು?

ಲೇತ್‌ಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆ ಶೆಡ್‌ನಲ್ಲಿ ನಮ್ಮದೊಂದು ಚಿಕ್ಕ ಸಿಎನ್‌ಸಿ (ಕಂಪ್ಯೂಟರ್ ಯಂತ್ರದಲ್ಲಿ ಲೋಹ ಕತ್ತರಿಸುವ) ವರ್ಕ್‌ಶಾಪ್ ಇದೆ. ಸ್ವಂತ ಜಾಗ ಮಾಡಿಕೊಳ್ಳೋಣ ಅಂತ ಹುಡುಕುತ್ತಿದ್ದೇವೆ. ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ ಬ್ಯಾಂಕ್ ಹರಾಜಿಗೆ ಬಂದಿದೆ. ಅಕ್ಕಪಕ್ಕದ ದರಕ್ಕೆ ಹೋಲಿಸಿದರೆ ಮೀಸಲು ಬೆಲೆ ತುಂಬಾ ಕಡಿಮೆ. ಸಾಲ ತೀರಿಸಲಾಗದೆ ಮುಚ್ಚಿದ ಎಲೆಕ್ಟ್ರೋಪ್ಲೇಟಿಂಗ್ ಘಟಕ ಅದು, ಅಂದರೆ ಕರೆಂಟು ಹಾಯಿಸಿ ಸಾಮಾನಿಗೆ ಲೋಹದ ಲೇಪನ ಕೊಡುವ ಕಾರ್ಖಾನೆ.

ವಕೀಲರು ಕಾಗದ ನೋಡಿದರು. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕ್ರಯಪತ್ರ ಇದೆ, ಇಸಿಯಲ್ಲಿ (ಋಣಭಾರ ಪತ್ರ) ಈ ಬ್ಯಾಂಕಿನ ಸಾಲ ಬಿಟ್ಟರೆ ಬೇರೇನೂ ಇಲ್ಲ, ತೆರಿಗೆ ಸ್ವಲ್ಪ ಬಾಕಿ ಇದೆ ಅಷ್ಟೆ ಅಂದರು. ಆದರೆ ಜಾಗ ತೋರಿಸುವ ದಿನ ಹೋಗಿ ನೋಡಿದಾಗ ಮನಸ್ಸು ಹಿಂದೇಟು ಹಾಕಿತು. ಹಿಂದಿನ ಭಾಗದಲ್ಲಿ ಕಾಂಕ್ರೀಟ್ ನೆಲ ತಿಂದು ಹೋಗಿದೆ. ಅಲ್ಲಲ್ಲಿ ಹಳದಿ ಕಲೆ, ಗೋಡೆಯ ಬುಡದಲ್ಲಿ ಹಸಿರು ಕಲೆ. ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಗುಂಡಿ. ಬೋರ್‌ವೆಲ್ ಇದೆ, ಆದರೆ ಕ್ಯಾಪ್ ಹಾಕಿ ಬೀಗ ಜಡಿದಿದ್ದಾರೆ.

ನನ್ನ ಪ್ರಶ್ನೆ ಎರಡು. ನೆಲ, ನೀರು ಕೆಟ್ಟಿದೆಯಾ ಅಂತ ಬಿಡ್ ಹಾಕುವ ಮೊದಲು ಗೊತ್ತು ಮಾಡಿಕೊಳ್ಳುವುದು ಹೇಗೆ? ಕೆಟ್ಟಿದ್ದರೆ, ನಾನು ಕೊಂಡ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ನನ್ನನ್ನೇ ಹಿಡಿಯುತ್ತಾರಾ? ಹರಾಜಿಗೆ ಇನ್ನು ಹೆಚ್ಚು ದಿನ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಮೇಸ್ತ್ರಿ

ತಮ್ಮಾ, ನಾನು ಪ್ಲೇಟಿಂಗ್ ಲೈನ್‌ನಲ್ಲೇ ದುಡಿದು ನಿವೃತ್ತನಾದವನು. ನೀನು ಹೇಳಿದ ಬಣ್ಣಗಳಲ್ಲೇ ಅರ್ಧ ಕಥೆ ಇದೆ.

ಹಳದಿ ಅಂದರೆ ಕ್ರೋಮ್. ಹಸಿರು ಅಂದರೆ ನಿಕ್ಕಲ್ ಇರಬಹುದು, ಇಲ್ಲವೇ ರೂಪ ಬದಲಾದ ಕ್ರೋಮ್. ನೀಲಿ ಕಂಡರೆ ತಾಮ್ರ. ಕಾಂಕ್ರೀಟ್ ತಿಂದು ಜಲ್ಲಿ ಹೊರಗೆ ಕಾಣುತ್ತಿದೆ ಅಂದರೆ ತುಕ್ಕು ತೆಗೆಯುವ ಆಸಿಡ್ ಪಿಕ್ಲಿಂಗ್ ತೊಟ್ಟಿ ಅಲ್ಲೇ ಇತ್ತು. ಇನ್ನೊಂದು ಸಲ ಹೋದರೆ ತೊಟ್ಟಿಗಳ ಸಾಲು ಎಲ್ಲಿತ್ತು ಅಂತ ಮೊದಲು ಪತ್ತೆ ಮಾಡು. ಗೋಡೆಯಲ್ಲಿ ತೊಟ್ಟಿಗೆ ಕರೆಂಟು ಕೊಡುವ ರೆಕ್ಟಿಫೈಯರ್ ಕೂರಿಸಿದ್ದ ಜಾಗ, ಆ ಕರೆಂಟು ಒಯ್ಯುವ ಬಸ್‌ಬಾರ್ ಪಟ್ಟಿ ಹೋಗಿದ್ದ ಗುರುತು, ಹೊಗೆ ಎಳೆಯುವ ಡಕ್ಟ್ ಹೊರಗೆ ಹೋದ ತೂತು, ಇವನ್ನು ಜೋಡಿಸಿದರೆ ಸಾಲು ಗೊತ್ತಾಗುತ್ತದೆ. ಸಾಮಾನನ್ನು ಒಂದು ತೊಟ್ಟಿಯಿಂದ ಎತ್ತಿ ಇನ್ನೊಂದಕ್ಕೆ ಒಯ್ಯುವಾಗ ತೊಟ್ಟಿಕ್ಕುತ್ತಲೇ ಇರುತ್ತದೆ. ವರ್ಷಗಟ್ಟಲೆ ತೊಟ್ಟಿಕ್ಕಿದ್ದು ನೆಲದ ಬಿರುಕಿಗೆ ಇಳಿದಿರುತ್ತದೆ. ತೊಳೆದ ನೀರಿನ ಚರಂಡಿ ಎಲ್ಲಿಗೆ ಹೋಗುತ್ತದೆ ನೋಡು. ನೀನು ಹೇಳಿದ ಚಪ್ಪಡಿ ಗುಂಡಿಗೇ ಹೋಗಿದ್ದರೆ, ಆ ಗುಂಡಿಗೆ ತಳ ಇದೆಯಾ, ಬರೀ ಮಣ್ಣಾ ಅಂತ ತೆಗೆಸಿ ನೋಡು. ನನ್ನ ಪ್ರಕಾರ ಆ ಜಾಗದಲ್ಲಿ ಎಲ್ಲಕ್ಕಿಂತ ಮುಖ್ಯ ಆ ಗುಂಡಿ.

‘ನಮ್ಮದು ಬರೀ ಜಿಂಕ್ ಪ್ಲೇಟಿಂಗ್, ಕ್ರೋಮ್ ಇರಲಿಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡ. ಜಿಂಕ್ ಆದ ಮೇಲೆ ಹಳದಿ ಹೊಳಪು ಬರಲಿ ಅಂತ ಪ್ಯಾಸಿವೇಷನ್‌ಗೆ ಅದ್ದುತ್ತಿದ್ದೆವು. ಅದು ಕ್ರೋಮೇಟ್, ಅಂದರೆ ಕ್ರೋಮಿಯಂನದೇ ಲವಣ. ಹಳೇ ಜಿಂಕ್ ತೊಟ್ಟಿಗಳಲ್ಲಿ ಸೈನೈಡ್ ಕೂಡ ಇರುತ್ತಿತ್ತು. ಎಣ್ಣೆ ತೆಗೆಯಲು ಟಿಸಿಇ, ಅಂದರೆ ಟ್ರೈಕ್ಲೋರೋಎಥಿಲೀನ್ ಬಳಸುತ್ತಿದ್ದರು. ಅದನ್ನು ಎಲ್ಲರೂ ಮರೆಯುತ್ತಾರೆ, ಯಾಕೆಂದರೆ ಅದು ಬಣ್ಣ ಬಿಡುವುದಿಲ್ಲ.

ಆ ಬೀದಿಯ ಹಳೇ ವಾಚ್‌ಮನ್, ಪಕ್ಕದ ಶೆಡ್‌ನವರು, ಟೀ ಅಂಗಡಿಯವರು, ಇವರ ಹತ್ತಿರ ಸಮಾಧಾನವಾಗಿ ಕೂತು ಮಾತಾಡು. ರಾತ್ರಿ ಟ್ಯಾಂಕರ್ ಬರುತ್ತಿತ್ತಾ, ಮಳೆ ಬಂದಾಗ ಮೋರಿಗೆ ಬಿಡುತ್ತಿದ್ದರಾ, ಎಲ್ಲವೂ ಅವರಿಗೆ ಗೊತ್ತಿರುತ್ತದೆ.

ಸೈಟ್‌ಗೆಳೆಯ

ಎಲ್ಲರೂ ಸುಮ್ನೆ ಹೆದರಿಸಬೇಡಿ. ನಾನು ಕೈಗಾರಿಕಾ ಜಾಗಗಳ ವ್ಯವಹಾರದಲ್ಲಿ ಇದ್ದೇನೆ. ಪೀಣ್ಯದಲ್ಲಿ ಬೋರ್‌ವೆಲ್ ನೀರು ಒಳ್ಳೆಯದಾಗಿರುವ ಶೆಡ್ ಬೇಕು ಅಂದರೆ ಹುಡುಕುತ್ತಲೇ ಇರಬೇಕಾಗುತ್ತದೆ. ಕುಡಿಯಲು ಕ್ಯಾನ್ ತರಿಸಿ, ಉಳಿದದ್ದಕ್ಕೆ ಕಾವೇರಿ ನೀರು ಅಥವಾ ಟ್ಯಾಂಕರ್. ನೆಲಕ್ಕೆ ಹೊಸ ಕಾಂಕ್ರೀಟ್ ಹಾಕಿಸಿ, ಎಪಾಕ್ಸಿ ಹೊಡೆಸಿ. ಇಷ್ಟು ಕಡಿಮೆ ಬೆಲೆಗೆ ಜಾಗ ಮತ್ತೆ ಸಿಗಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಶೆಡ್ ಕೊಂಡವರನ್ನು ನಾನಂತೂ ಕಂಡಿಲ್ಲ.

ಭೂಜಲ

ಸೈಟ್‌ಗೆಳೆಯ ಅವರೇ, ಪರೀಕ್ಷೆ ಮಾಡಿಸದೆ ಕೊಳ್ಳುವವರೇ ಹೆಚ್ಚು ಅನ್ನುವುದು ನಿಜ. ಆದರೆ ಹೊಸ ಕಾಂಕ್ರೀಟ್ ಹಾಕಿದರೆ ಮುಗಿಯಿತು ಅನ್ನುವುದನ್ನು ಒಪ್ಪಲಾರೆ. ನಾನು ಅಂತರ್ಜಲದ ಕೆಲಸ ಮಾಡುವವನು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ರೋಮಿಯಂ ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ. ಟ್ರೈವೇಲೆಂಟ್ ಕ್ರೋಮಿಯಂ ಮಣ್ಣಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಕರಗುತ್ತದೆ, ನೀರು ಹೋದಲ್ಲೆಲ್ಲ ಹೋಗುತ್ತದೆ. ಕ್ಯಾನ್ಸರ್ ತರುವುದು ಈ ಎರಡನೆಯದು. ಪ್ಲೇಟಿಂಗ್ ತೊಟ್ಟಿಯಲ್ಲಿ ಇದ್ದದ್ದೂ ಇದೇ. ಬೆಂಗಳೂರಿನ ಕೆಳಗೆ ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಬಂಡೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಗಟ್ಟಿ ಬಂಡೆ. ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಹಾಗಾಗಿ ಕೊಳೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ. ಪಕ್ಕದ ಬೋರ್‌ವೆಲ್ ಚೆನ್ನಾಗಿರಬಹುದು, ನಾಲ್ಕು ಶೆಡ್ ಆಚೆಯದು ಹಳದಿ ಆಗಿರಬಹುದು. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳೇ ದಾಖಲಿಸಿವೆ.

ಇದರಿಂದ ನಿಮಗೆ ಬರುವ ತೊಡಕು ಏನೆಂದರೆ, ನಿಮ್ಮ ಬೋರ್‌ವೆಲ್‌ನಲ್ಲಿ ಕ್ರೋಮಿಯಂ ಸಿಕ್ಕಿದ ಮಾತ್ರಕ್ಕೆ ಅದು ಈ ಶೆಡ್‌ನಿಂದಲೇ ಬಂತು ಅಂತ ಹೇಳಲಾಗದು. ಬೇರೆಯವರದ್ದು ಹರಿದು ಬಂದಿರಬಹುದು. ಅದಕ್ಕೇ ನೀರಿನ ಜೊತೆ ಮಣ್ಣಿನ ಪರೀಕ್ಷೆಯೂ ಬೇಕು. ಶೆಡ್‌ನ ನೆಲದ ಕೆಳಗಿನ ಮಣ್ಣಿನಲ್ಲಿ ಜಾಸ್ತಿ ಇದ್ದು, ಆಳಕ್ಕೆ ಹೋದ ಹಾಗೆ ಕಡಿಮೆ ಆಗುತ್ತಾ ಹೋದರೆ ಮೂಲ ಇಲ್ಲೇ ಇದೆ ಅಂತ ಅರ್ಥ. ಮೇಲಿನ ಮಣ್ಣು ಶುದ್ಧವಾಗಿದ್ದು ಕೆಳಗೆ ನೀರು ಮಾತ್ರ ಕೆಟ್ಟಿದ್ದರೆ ಹೊರಗಿನದು ಇರಬಹುದು. ಹೋಲಿಸಿ ನೋಡಲು ರಾಸಾಯನಿಕ ತಾಗದ ಮೂಲೆಯೊಂದರಿಂದಲೂ ಮಣ್ಣು ತೆಗೆಯಬೇಕು.

ಮಾದರಿ ತೆಗೆಯುವುದರಲ್ಲಿ ಎಡವಿದರೆ ಎಷ್ಟು ಒಳ್ಳೆ ಲ್ಯಾಬ್‌ಗೆ ಕೊಟ್ಟರೂ ಪ್ರಯೋಜನ ಇಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್‌ನವರನ್ನೇ ಜಾಗಕ್ಕೆ ಕರೆಸಿ. ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಕೊಡಬೇಡಿ. ಬೋರ್‌ವೆಲ್ ಪಂಪ್ ಚೆನ್ನಾಗಿ ಓಡಿಸಿ ಪೈಪಿನಲ್ಲಿ ನಿಂತ ಹಳೇ ನೀರು ಹೋದ ಮೇಲೆ ಮಾದರಿ ಹಿಡಿಯಬೇಕು. ಒಟ್ಟು ಕ್ರೋಮಿಯಂ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕುತ್ತಾರೆ. ಹೆಕ್ಸಾವೇಲೆಂಟ್ ಬಾಟಲಿಗೆ ಆಸಿಡ್ ಹಾಕಬಾರದು, ಹಾಕಿದರೆ ಅದು ಇನ್ನೊಂದು ರೂಪಕ್ಕೆ ಬದಲಾಗಿ ಫಲಿತಾಂಶ ಕಡಿಮೆ ಬರುತ್ತದೆ. ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು. ಸೈನೈಡ್‌ಗೆ ಕ್ಷಾರ ಹಾಕಿದ ಬೇರೆ ಬಾಟಲಿ. ಟಿಸಿಇಗೆ ಚಿಕ್ಕ ಗಾಜಿನ ಸೀಸೆ, ಒಳಗೆ ಒಂದು ಗಾಳಿಗುಳ್ಳೆಯೂ ಇರಬಾರದು. ಲ್ಯಾಬ್‌ನವರು ಒಂದೇ ಕ್ಯಾನ್ ಹಿಡಿದುಕೊಂಡು ಬಂದರೆ ಅವರನ್ನು ವಾಪಸ್ ಕಳಿಸಿ.

ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನೀರು ಕಣ್ಣಿಗೆ ಹಳದಿ ಕಾಣುತ್ತಿದೆ ಅಂದರೆ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿ ಆಗಿದೆ. ತಿಳಿಯಾಗಿ ಕಂಡರೆ ಒಳ್ಳೆಯದು ಅಂತಲೂ ಅಲ್ಲ.

ಕಪ್ಪುಕೋಟು

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ವಕೀಲೆ. ಇದು ಸಾಮಾನ್ಯ ತಿಳಿವಳಿಕೆಗೆ ಮಾತ್ರ, ಕಾಗದ ನೋಡಿದವರ ಸಲಹೆಗೆ ಬದಲಿ ಅಲ್ಲ.

ಮೊದಲು ಒಂದು ವಿಷಯ. ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಬರುತ್ತದೆ. ಸಾಲ, ಕ್ರಯ, ಭೋಗ್ಯ ಇಂಥವು. ಪಹಣಿ, ಖಾತಾ, ಕೆಐಎಡಿಬಿ ಪತ್ರ, ಯಾವುದರಲ್ಲೂ ಮಣ್ಣಿನ ಸ್ಥಿತಿ ಬರೆದಿರುವುದಿಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು ಕೊಡುವ ವರದಿಯಲ್ಲೂ ಇರುವುದಿಲ್ಲ. ನಿಮ್ಮ ವಕೀಲರು ಹೇಳಿದ್ದು ಸರಿಯೇ. ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಆ ಕಾಗದಗಳಲ್ಲಿ ಉತ್ತರ ಇಲ್ಲ.

ನಮ್ಮ ದೇಶದಲ್ಲಿ ತತ್ವ ಸ್ಪಷ್ಟವಾಗಿದೆ: ಕೆಡಿಸಿದವನೇ ಸರಿಪಡಿಸುವ ಖರ್ಚು ಕೊಡಬೇಕು. ರಾಜಸ್ಥಾನದ ಉದಯಪುರದ ಹತ್ತಿರ ಬಿಚ್ರಿ ಅನ್ನುವ ಹಳ್ಳಿ ಇದೆ. ಎಚ್-ಆಸಿಡ್ ಅನ್ನುವ ಬಣ್ಣದ ರಾಸಾಯನಿಕ ಮಾಡುವ ಕಾರ್ಖಾನೆಗಳ ಕೆಸರನ್ನು ಬಯಲಿನಲ್ಲಿ ಸುರಿದು ಅಲ್ಲಿನ ಸುಮಾರು 60 ಬಾವಿಗಳ ನೀರು ಬಳಸಲಾಗದಂತೆ ಆಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕಾರ್ಖಾನೆಯವರೇ ಹೊಣೆ ಅಂದಿತು. ಅವರು ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋದರು. 2011ರಲ್ಲಿ ಕೋರ್ಟ್ 37.385 ಕೋಟಿ ರೂಪಾಯಿಯನ್ನು 1997ರಿಂದ ಶೇ 12ರ ಚಕ್ರಬಡ್ಡಿ ಸೇರಿಸಿ ಕಟ್ಟಿ ಅಂತ ಆದೇಶಿಸಿತು. ತೀರ್ಪು ಬಂದು ದುಡ್ಡಿನ ಆದೇಶ ಗಟ್ಟಿಯಾಗಲು 15 ವರ್ಷ ಹಿಡಿಯಿತು. ಆ 15 ವರ್ಷ ಬಾವಿಯ ಪಕ್ಕ ಬದುಕಿದವರ ಸ್ಥಿತಿ ಯೋಚಿಸಿ.

ನಿಮ್ಮ ವಿಷಯದಲ್ಲಿ ತೊಂದರೆ ಏನೆಂದರೆ, ಕೆಡಿಸಿದವರು ದಿವಾಳಿ ಆಗಿದ್ದಾರೆ. ಜಾಗ ನಿಮ್ಮ ಕೈಯಲ್ಲಿ ಇರುತ್ತದೆ. ದೂರು ಬಂದರೆ ಅಧಿಕಾರಿಗಳು ಮೊದಲು ಬಾಗಿಲು ತಟ್ಟುವುದು ಆ ವಿಳಾಸಕ್ಕೆ. ಜಲ ಕಾಯ್ದೆಯ 33ಎ ಕಲಂ ಪ್ರಕಾರ ಮಂಡಳಿಯು ಘಟಕ ಮುಚ್ಚಿಸಬಹುದು, ಕರೆಂಟು, ನೀರು ನಿಲ್ಲಿಸಲು ಆದೇಶಿಸಬಹುದು. ‘ಇದು ನಾನು ಮಾಡಿದ್ದಲ್ಲ’ ಅಂತ ತೋರಿಸಲು ನಿಮ್ಮ ಹತ್ತಿರ ಏನು ಇದೆ? ಕೊಳ್ಳುವ ದಿನ ಜಾಗ ಹೇಗಿತ್ತು ಅನ್ನುವುದಕ್ಕೆ ದಿನಾಂಕ ಇರುವ ವರದಿ, ಫೋಟೋ, ಲ್ಯಾಬ್ ಫಲಿತಾಂಶ ಇರಬೇಕು. ಅದಿಲ್ಲದಿದ್ದರೆ ಹಳೆಯದು ಯಾವುದು, ನಿಮ್ಮದು ಯಾವುದು ಅಂತ ಬೇರೆ ಮಾಡುವುದು ಬಹಳ ಕಷ್ಟ. ನಿಮ್ಮದು ಲೋಹದ ಕೆಲಸವೇ ಆದ್ದರಿಂದ ಇನ್ನೂ ಕಷ್ಟ.

ಮಾಮೂಲಿ ಖರೀದಿ ಆಗಿದ್ದರೆ ದಾರಿ ಇತ್ತು. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಕರಾರಿನಲ್ಲಿ ನಷ್ಟ ತುಂಬಿಕೊಡುವ ಷರತ್ತು ಬರೆಸಿಕೊಳ್ಳಬಹುದು, ಸ್ವಲ್ಪ ಹಣ ತಡೆಹಿಡಿಯಬಹುದು. ಸರ್ಫೇಸಿ ಕಾಯ್ದೆಯ (ಸಾಲ ವಸೂಲಿಗೆ ಬ್ಯಾಂಕು ತಾನೇ ಆಸ್ತಿ ಮಾರಲು ಬಿಡುವ ಕಾನೂನು) ಹರಾಜಿನಲ್ಲಿ ಇದು ಯಾವುದೂ ನಡೆಯುವುದಿಲ್ಲ. ನೋಟಿಸಿನಲ್ಲಿ ‘ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ’ ಅಂತ ಬರೆದಿರುತ್ತಾರೆ, ಓದಿ ನೋಡಿ. ಪರಿಶೀಲನೆಯ ಹೊಣೆ ಪೂರ್ತಿ ನಿಮ್ಮದು. ಬಿಡ್ ನಿಮಗೆ ಬಂದರೆ ಅವತ್ತೇ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ 25 ಕಟ್ಟಬೇಕು. ಮಾರಾಟ ಖಾಯಂ ಆದ ಮೇಲೆ ಬಾಕಿಗೆ ಸಾಮಾನ್ಯವಾಗಿ 15 ದಿನ. ಕಟ್ಟದಿದ್ದರೆ ಠೇವಣಿ ಹೋಗುತ್ತದೆ. ಬಿಡ್ ಆದ ಮೇಲೆ ಪರೀಕ್ಷೆ ಮಾಡಿಸೋಣ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಲೇತ್‌ಮನೆ

ಮೇಡಂ, ತುಂಬಾ ಉಪಕಾರ ಆಯಿತು. ಶೇ 25ರ ವಿಷಯ ಗೊತ್ತಿತ್ತು, ಆದರೆ ಈ ದೃಷ್ಟಿಯಿಂದ ನೋಡಿರಲಿಲ್ಲ. ಮಂಡಳಿಯಲ್ಲಿ ಹಳೇ ಘಟಕದ ದಾಖಲೆ ನೋಡಲು ಆಗುತ್ತದಾ? 2025ರಲ್ಲಿ ಹೊಸ ನಿಯಮ ಬಂದಿದೆ ಅಂತ ಎಲ್ಲೋ ಓದಿದ್ದೆ. ಅದು ನಮಗೆ ಅನ್ವಯ ಆಗುತ್ತದಾ?

ಕಪ್ಪುಕೋಟು

ದಾಖಲೆ ನೋಡಬಹುದು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಉತ್ತರಕ್ಕೆ 30 ದಿನದ ಗಡುವು ಇರುತ್ತದೆ, ನಿಮ್ಮ ಹರಾಜು ಅಷ್ಟರಲ್ಲಿ ಮುಗಿದುಹೋಗಬಹುದು. ಅರ್ಜಿ ಹಾಕಿದರೂ ಪ್ರಾದೇಶಿಕ ಕಚೇರಿಗೆ ಖುದ್ದು ಹೋಗಿ ಕೇಳಿ. ಕೇಳಬೇಕಾದದ್ದು ಇಷ್ಟು: ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರಗಳು, ಅಪಾಯಕಾರಿ ತ್ಯಾಜ್ಯದ ಅಧಿಕಾರ ಪತ್ರ, ವರ್ಷಕ್ಕೊಮ್ಮೆ ಸಲ್ಲಿಸುವ ಫಾರಂ 4, ತ್ಯಾಜ್ಯ ಸಾಗಿಸಿದ ಮ್ಯಾನಿಫೆಸ್ಟ್ ಅಂದರೆ ಫಾರಂ 10, ತಪಾಸಣೆ ವರದಿ, ಷೋಕಾಸ್ ನೋಟಿಸ್. ವರ್ಷಕ್ಕೆ ಇಷ್ಟು ಕೆಸರು ಬರುತ್ತದೆ ಅಂತ ಅಧಿಕಾರ ಪತ್ರದಲ್ಲಿ ಬರೆದಿದ್ದು, ದಾಬಸ್‌ಪೇಟೆ ಕಡೆಯ ವಿಲೇವಾರಿ ಘಟಕಕ್ಕೆ ಕಳಿಸಿದ ಮ್ಯಾನಿಫೆಸ್ಟ್ ಒಂದೂ ಇಲ್ಲದಿದ್ದರೆ, ಆ ಕೆಸರು ಎಲ್ಲಿಗೆ ಹೋಯಿತು ಅಂತ ನೀವೇ ಊಹಿಸಬಹುದು.

ಹೊಸ ನಿಯಮ ಬಂದಿರುವುದು ನಿಜ. ಕಲುಷಿತ ತಾಣಗಳ ನಿರ್ವಹಣೆಗೆ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳು. ಜಿಲ್ಲಾಡಳಿತ ಅಥವಾ ಸ್ಥಳೀಯ ಸಂಸ್ಥೆ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ರಾಜ್ಯ ಮಂಡಳಿಗೆ ಕೊಡಬೇಕು. ಮಂಡಳಿ 90 ದಿನದೊಳಗೆ ಪ್ರಾಥಮಿಕವಾಗಿ ನೋಡಬೇಕು, ಅನುಮಾನ ನಿಜ ಅನ್ನಿಸಿದರೆ ಇನ್ನೂ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಯಾರು ಹೊಣೆ ಅಂತ ಗುರುತಿಸಲು 90 ದಿನ. ಹೊಣೆಗಾರರು ಸಿಗದಿದ್ದರೆ ಅಥವಾ ಅವರಿಗೆ ಕಟ್ಟುವ ಶಕ್ತಿ ಇಲ್ಲದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ಖರ್ಚು ಭರಿಸಬೇಕು. ಇಷ್ಟು ವರ್ಷ ಇಂಥ ಕ್ರಮಬದ್ಧ ದಾರಿಯೇ ಇರಲಿಲ್ಲ, ಅದಕ್ಕೆ ಇದು ದೊಡ್ಡ ಹೆಜ್ಜೆ ಅಂತ ನನ್ನ ಅನಿಸಿಕೆ. ನಿಯಮ ಬಂದಾಗ ದೇಶದಲ್ಲಿ 103 ಕಲುಷಿತ ತಾಣ ಗುರುತಿಸಿದ್ದರು, ಸರಿಪಡಿಸುವ ಕೆಲಸ ಶುರುವಾಗಿದ್ದು ಏಳರಲ್ಲಿ ಮಾತ್ರ. ಹಾಗಾಗಿ ಸರ್ಕಾರ ಬಂದು ನಿಮ್ಮ ಶೆಡ್ ತೊಳೆದುಕೊಡುತ್ತದೆ ಅಂತ ನಂಬಿ ಬಿಡ್ ಹಾಕಬೇಡಿ.

ಸನ್ನಿವೇಲ್_ಕನ್ನಡತಿ

ನಾನು ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸ ಮಾಡುತ್ತೇನೆ, ಅಂದರೆ ಜಾಗ ಕೊಳ್ಳುವವರ ಪರವಾಗಿ ನೆಲ, ನೀರಿನ ಪರಿಶೀಲನೆ. ಇಲ್ಲಿ ಇದು ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಹೇಳಿದರೆ ಉಪಯೋಗ ಆಗಬಹುದು.

ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಅನ್ನುವ ಹಳೇ ಕಾಲುವೆ ಇತ್ತು. ಹೂಕರ್ ಕೆಮಿಕಲ್ ಕಂಪನಿ 1940ರ ದಶಕದಿಂದ ಅದರಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿತು. 1953ರಲ್ಲಿ ಮಣ್ಣು ಮುಚ್ಚಿ ಅಲ್ಲಿನ ಶಾಲಾ ಮಂಡಳಿಗೆ 1 ಡಾಲರ್‌ಗೆ ಬರೆದುಕೊಟ್ಟಿತು. ಒಳಗೆ ತ್ಯಾಜ್ಯ ಇದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಪತ್ರದಲ್ಲೇ ಬರೆಸಿತ್ತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. 1980ರಲ್ಲಿ ಕಲುಷಿತ ಜಾಗಗಳನ್ನು ಶುದ್ಧ ಮಾಡಿಸುವ ಸೂಪರ್‌ಫಂಡ್ ಕಾನೂನು ಬಂತು. ಅದರ ಪ್ರಕಾರ ಈಗಿನ ಮಾಲೀಕ ಕೂಡ ಹೊಣೆಗಾರ, ಅವನು ಒಂದು ಹನಿ ಚೆಲ್ಲದಿದ್ದರೂ. ತಪ್ಪಿಸಿಕೊಳ್ಳಬೇಕಾದರೆ ಕೊಳ್ಳುವ ಮೊದಲೇ ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಬೇಕು, ಕೊಂಡ ಮೇಲೆ ಎಚ್ಚರಿಕೆಯಿಂದ ನಡೆದುಕೊಂಡಿರಬೇಕು. ಅದಕ್ಕೇ ಇಲ್ಲಿ ‘ಫೇಸ್ ಒನ್’ ವರದಿ ಇಲ್ಲದೆ ಕೈಗಾರಿಕಾ ಜಾಗಕ್ಕೆ ಬ್ಯಾಂಕುಗಳು ಸಾಲ ಕೊಡುವುದು ಅಪರೂಪ.

ಫೇಸ್ ಒನ್‌ನಲ್ಲಿ ಮಣ್ಣು ಅಗೆಯುವುದೇ ಇಲ್ಲ. ಜಾಗದ ಇತಿಹಾಸ, ಸರ್ಕಾರಿ ದಾಖಲೆ, ಓಡಾಡಿ ನೋಡುವುದು, ಹಳಬರ ಜೊತೆ ಮಾತು, ಇಷ್ಟೇ. ಮೇಲೆ ಹಳೇಮೇಸ್ತ್ರಿ ಅವರು ಹೇಳಿದ್ದು ಹೆಚ್ಚುಕಡಿಮೆ ಅದೇ, ಅವರ ಕಣ್ಣು ಇರುವ ಸಲಹೆಗಾರರು ನನಗೆ ಇಲ್ಲೂ ಅಪರೂಪಕ್ಕೆ ಸಿಕ್ಕಿದ್ದಾರೆ. ಅನುಮಾನ ಬಂದರೆ ಮಾತ್ರ ಫೇಸ್ ಟೂ, ಅಂದರೆ ಕೊರೆದು ಮಾದರಿ ತೆಗೆಯುವುದು. ನಮಗೆ ಇಲ್ಲಿ ಹಳೇ ವಿಮಾ ನಕ್ಷೆಗಳು ಸಿಗುತ್ತವೆ. ಬೆಂಗಳೂರಿನಲ್ಲಿ ಗ್ರಾಮ ನಕ್ಷೆ, ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಗೂಗಲ್ ಅರ್ಥ್‌ನ ಹಿಂದಿನ ವರ್ಷಗಳ ಚಿತ್ರ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ. ಹಿಂದೆ ಕೆರೆ ಅಂಗಳ, ಕಾಲುವೆ ಅಥವಾ ಕಲ್ಲುಕ್ವಾರಿ ಆಗಿದ್ದ ಜಾಗವಾಗಿದ್ದರೆ ಅದನ್ನು ಯಾವ ಮಣ್ಣು, ಯಾವ ಕಸ ಹಾಕಿ ತುಂಬಿದರು ಅನ್ನುವುದು ಇನ್ನೊಂದು ಪ್ರಶ್ನೆ.

ಟಿಸಿಇ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ನೀರಿಗಿಂತ ಭಾರ, ಕೆಳಗೆ ಇಳಿಯುತ್ತಾ ಹೋಗುತ್ತದೆ. ಆಮೇಲೆ ಆವಿಯಾಗಿ ಮೇಲಕ್ಕೆ ಬಂದು ನೆಲದ ಬಿರುಕಿನಿಂದ ಕಟ್ಟಡದೊಳಗೆ ಸೇರುತ್ತದೆ. ನಾನಿರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ 23 ಸೂಪರ್‌ಫಂಡ್ ತಾಣಗಳಿವೆ, ಬಹಳಷ್ಟು ಹಳೇ ಚಿಪ್ ಕಾರ್ಖಾನೆಗಳವು. ನಮ್ಮ ಎಷ್ಟೋ ಕನ್ನಡದವರು ದಿನಾ ಕೆಲಸಕ್ಕೆ ಹೋಗುವ ಮೌಂಟನ್ ವ್ಯೂನ ಕಚೇರಿಗಳ ಕೆಳಗೂ ಟಿಸಿಇ ಇದೆ. ಕಾರ್ಖಾನೆಗಳು ಹೋಗಿ ದಶಕಗಳಾದರೂ ಶುದ್ಧೀಕರಣ ಇನ್ನೂ ನಡೆಯುತ್ತಲೇ ಇದೆ. ಇಲ್ಲಿ ಮನೆ ಕೊಳ್ಳುವ ಕನ್ನಡಿಗರು ಜಿಯೋಟ್ರ್ಯಾಕರ್, ಎನ್ವಿರೋಸ್ಟೋರ್ ಜಾಲತಾಣಗಳಲ್ಲಿ ವಿಳಾಸ ಹಾಕಿ ನೋಡಿ, ಉಚಿತ. ಲೇತ್‌ಮನೆ ಅವರೇ, ನಿಮ್ಮ ಹುಡುಗರು ದಿನಕ್ಕೆ ಎಂಟು ಗಂಟೆ ಆ ಶೆಡ್‌ನ ಗಾಳಿ ಉಸಿರಾಡುತ್ತಾರೆ. ಎಪಾಕ್ಸಿ ನೆಲ ನೋಡಲು ಚೆಂದ, ಆದರೆ ಅದೊಂದನ್ನೇ ನಂಬಬೇಡಿ.

ಅಡಿಕೆತೋಟ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಶಿರಸಿ ಕಡೆ ಹಳೇ ಅಡಿಕೆ ತೋಟ ಒಂದನ್ನು ಕೊಳ್ಳುವ ಮಾತುಕತೆ ನಡೆದಿದೆ. ತಲೆಮಾರುಗಳಿಂದ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಲವಣ, ಮತ್ತು ಸುಣ್ಣದ ದ್ರಾವಣ) ಹೊಡೆದಿದ್ದಾರೆ. ಮೈಲುತುತ್ತ ಮಣ್ಣಿನಲ್ಲಿ ಸೇರಿ ಹಾಳಾಗಿರುತ್ತದಾ?

ಭೂಜಲ

ಬೋರ್ಡೋದ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಹಳೇ ತೋಟಗಳಲ್ಲಿ ಜಾಸ್ತಿ ಇರುವುದು ಸಹಜ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ಹುಳಿ, ತಾಮ್ರ ಎರಡನ್ನೂ ಪರೀಕ್ಷಿಸಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ಎರೆಹುಳು ಕಡಿಮೆ ಆಗುತ್ತವೆ. ಸುಣ್ಣ ಕೊಟ್ಟರೆ ಹಿಡಿತಕ್ಕೆ ಬರುತ್ತದೆ. ಪೀಣ್ಯದ ಕ್ರೋಮಿಯಂನಷ್ಟು ಆತಂಕ ಬೇಡ. ಮೈಲುತುತ್ತ ಕಲಸುತ್ತಿದ್ದ ಡ್ರಮ್ಮಿನ ಜಾಗ, ಔಷಧಿ ಇಡುತ್ತಿದ್ದ ಕೊಟ್ಟಿಗೆ, ಅದರ ಹತ್ತಿರದ ಬಾವಿ, ಇವನ್ನು ಮಾತ್ರ ಬೇರೆಯಾಗಿ ನೋಡಿ.

ಚಾಂಪಿಯನ್‌ರೀಫ್

ಕೆಜಿಎಫ್‌ನವರು ನಾವು. ಸೈನೈಡ್ ದಿಬ್ಬದ ಹತ್ತಿರ ಸೈಟ್ ಅಗ್ಗಕ್ಕೆ ಬರುತ್ತಿವೆ. ಈ ಹೊಸ ನಿಯಮದಿಂದ ಏನಾದರೂ ರಕ್ಷಣೆ ಸಿಗುತ್ತದಾ?

ಕಪ್ಪುಕೋಟು

ಇಲ್ಲ, ಗಣಿಗಾರಿಕೆಯಿಂದ ಆದ ಮಾಲಿನ್ಯವನ್ನು ಆ ನಿಯಮಗಳಿಂದ ಹೊರಗಿಟ್ಟಿದ್ದಾರೆ. ವಿಕಿರಣ ತ್ಯಾಜ್ಯ, ಸಮುದ್ರದ ತೈಲ ಸೋರಿಕೆ, ಊರಿನ ಕಸದ ರಾಶಿಯೂ ಹೊರಗೆ. ಅವಕ್ಕೆ ಬೇರೆ ಕಾನೂನುಗಳಿವೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, 13 ದಿಬ್ಬಗಳಲ್ಲಿ ಚಿನ್ನ ತೆಗೆದ ಮೇಲಿನ ಕಲ್ಲಿನ ಪುಡಿ ಸುಮಾರು 3.3 ಕೋಟಿ ಟನ್ ಉಳಿದಿದೆ. ಬೇಸಿಗೆ ಗಾಳಿಯಲ್ಲಿ ಆ ಧೂಳು ಯಾವ ಕಡೆ ಹಾರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ದಿಕ್ಕಿನಲ್ಲಿ ಮನೆಗೆ ಅಂತ ಸೈಟ್ ಕೊಳ್ಳಬೇಡಿ.

ಲೇತ್‌ಮನೆ

ಎಲ್ಲರಿಗೂ ಈಗಿನ ಸ್ಥಿತಿ ತಿಳಿಸುತ್ತೇನೆ. ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಪತ್ರ ಬರೆದು, ಪರೀಕ್ಷೆಗೆ ಅನುಮತಿ ಕೇಳಿದೆ. ನೆಲ ಕೊರೆಯಲು ಒಪ್ಪಲಿಲ್ಲ. ನೀರಿನ ಮಾದರಿಗೆ, ಗುಂಡಿಯ ಚಪ್ಪಡಿ ಎತ್ತಿ ನೋಡಲು ಒಪ್ಪಿದರು. ಗುಂಡಿಗೆ ತಳ ಇಲ್ಲ, ಕೆಳಗೆ ಹಳದಿ ಮಿಶ್ರಿತ ಕೆಸರು. ಬೋರ್‌ವೆಲ್‌ನಲ್ಲಿ ಪಂಪ್ ಇರಲಿಲ್ಲ, ಲ್ಯಾಬ್‌ನವರೇ ಚಿಕ್ಕ ಪಂಪ್ ತಂದರು. ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ಟಿಸಿಇ ಕೂಡ ಇದೆ. ಮಂಡಳಿಯ ಕಡತದಲ್ಲಿ ಕೆಸರು ಸಾಗಿಸಿದ ಮ್ಯಾನಿಫೆಸ್ಟ್ ಕೊನೆಯ ವರ್ಷಗಳದ್ದು ಸಿಗಲಿಲ್ಲ.

ಮನೆಯವರ ಜೊತೆ ಕೂತು ಮಾತಾಡಿದೆವು. ಬಿಡ್ ಹಾಕುತ್ತಿಲ್ಲ.

ಆದರೆ ಇನ್ನೊಂದು ವಿಷಯ ನಿದ್ದೆ ಕೆಡಿಸಿದೆ. ಪಕ್ಕದ ಓಣಿಯಲ್ಲಿ ಒಂದು ದರ್ಶಿನಿ ಇದೆ. ಸುತ್ತಲಿನ ಕಾರ್ಖಾನೆ ಹುಡುಗರೆಲ್ಲ ಅಲ್ಲೇ ತಿನ್ನುವುದು. ಅವರು ಅಡುಗೆಗೆ ತಮ್ಮದೇ ಬೋರ್‌ವೆಲ್ ನೀರು ಬಳಸುತ್ತಾರೆ. ‘ಕುದಿಸುತ್ತೇವಲ್ಲ ಅಣ್ಣ, ಏನೂ ಆಗಲ್ಲ’ ಅನ್ನುತ್ತಾರೆ. ವರದಿ ನನ್ನ ಕೈಯಲ್ಲಿದೆ. ಕೊಳ್ಳದೇ ಇರುವ ಜಾಗದ ವರದಿ ಇಟ್ಟುಕೊಂಡು ನಾನು ಏನು ಮಾಡಬಹುದು?

ಸೈಟ್‌ಗೆಳೆಯ

ಟಿಸಿಇ ವಿಷಯ ನನಗೆ ಗೊತ್ತಿರಲಿಲ್ಲ. ಬಿಡ್ ಬಿಟ್ಟದ್ದು ಸರಿ ಅಂತಲೇ ಅನ್ನಿಸುತ್ತದೆ. ನಿಮಗೆ ಬೇರೆ ಜಾಗ ನೋಡಿಕೊಡಲು ನಾನು ತಯಾರಿದ್ದೇನೆ. ಮೊದಲು ಹೊಲಿಗೆ, ಪ್ಯಾಕಿಂಗ್ ಅಥವಾ ಮರದ ಕೆಲಸ ನಡೆಯುತ್ತಿದ್ದ ಶೆಡ್‌ಗಳನ್ನೇ ಹುಡುಕೋಣ.

ಹಳೇಮೇಸ್ತ್ರಿ

ಮರದ ಕೆಲಸ ಅಂದರೂ ಪಾಲಿಶ್, ಥಿನ್ನರ್ ಇರುತ್ತದೆ. ಹೋಗುವಾಗ ನನ್ನನ್ನೂ ಕರೆಯಿರಿ, ಬರುತ್ತೇನೆ.

ಭೂಜಲ

ಲೇತ್‌ಮನೆ ಅವರೇ, ನೀವು ಮಾಡಬಹುದಾದದ್ದು ಇದೆ. ದಯವಿಟ್ಟು ಮಾಡಿ.

ಮೊದಲು ದರ್ಶಿನಿ. ಕುದಿಸಿದರೆ ಕ್ರೋಮಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆ ಆದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇದನ್ನು ಅವರಿಗೆ ಸಮಾಧಾನವಾಗಿ ಹೇಳಿ. ಅವರ ಬೋರ್‌ವೆಲ್ ಕೆಟ್ಟಿದೆ ಅಂತ ಇನ್ನೂ ಗೊತ್ತಿಲ್ಲ, ನಾನು ಮೊದಲೇ ಹೇಳಿದ ಹಾಗೆ ಬಂಡೆಯ ಬಿರುಕು ಯಾವ ಕಡೆ ಇದೆಯೋ ಹೇಳಲಾಗದು. ಅವರ ನೀರನ್ನೂ ಪರೀಕ್ಷಿಸಬೇಕು. ಫಲಿತಾಂಶ ಬರುವವರೆಗೆ ಅಡುಗೆಗೆ, ಕುಡಿಯಲು ಬೋರ್‌ವೆಲ್ ನೀರು ನಿಲ್ಲಿಸಲಿ. ಪಾತ್ರೆ ತೊಳೆಯಲೂ ಬೇರೆ ನೀರು ಸಿಕ್ಕರೆ ಒಳ್ಳೆಯದು. ಪರೀಕ್ಷೆಯ ಖರ್ಚು ಅವರಿಗೆ ಭಾರ ಆದರೆ ಇಲ್ಲಿ ತಿಳಿಸಿ, ನಾನು ಒಂದು ಪಾಲು ಹಾಕುತ್ತೇನೆ.

ಸನ್ನಿವೇಲ್_ಕನ್ನಡತಿ

ನಾನೂ ಹಾಕುತ್ತೇನೆ. ಪರೀಕ್ಷೆಯಲ್ಲಿ ಕ್ರೋಮಿಯಂ ಜೊತೆ ಟಿಸಿಇ ಕೂಡ ಸೇರಿಸಿ.

ಕಪ್ಪುಕೋಟು

ಇನ್ನು ಮಂಡಳಿಗೆ ಕೊಡುವ ಪತ್ರ. ಒಂದೇ ಪುಟ ಸಾಕು. ಜಾಗದ ಪ್ಲಾಟ್ ನಂಬರ್, ಸರ್ವೆ ನಂಬರ್, ಮಾದರಿ ತೆಗೆದ ದಿನಾಂಕ, ಲ್ಯಾಬ್ ವರದಿಯ ಪ್ರತಿ, ಗುಂಡಿಯ ಫೋಟೋ. ಪಕ್ಕದಲ್ಲಿ ಬೋರ್‌ವೆಲ್ ನೀರನ್ನು ಅಡುಗೆಗೆ ಬಳಸುತ್ತಿದ್ದಾರೆ ಅಂತ ಸ್ಪಷ್ಟವಾಗಿ ಬರೆಯಿರಿ, ದರ್ಶಿನಿಯ ಹೆಸರು ಬೇಡ. ಯಾರ ಮೇಲೂ ಆರೋಪ ಮಾಡಬೇಡಿ. ಕಂಡದ್ದನ್ನು, ಲ್ಯಾಬ್ ಹೇಳಿದ್ದನ್ನು ಮಾತ್ರ ಬರೆಯಿರಿ. 2025ರ ನಿಯಮದ ಅಡಿ ಈ ಜಾಗವನ್ನು ಪರಿಶೀಲಿಸಿ ಅಂತ ಕೋರಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಇನ್ನೊಂದು ಪ್ರತಿಯನ್ನು ಬ್ಯಾಂಕಿಗೂ ಕಳಿಸಿ. ಮುಂದೆ ಬಿಡ್ ಹಾಕುವವರಿಗೆ ‘ನಮಗೆ ಗೊತ್ತೇ ಇರಲಿಲ್ಲ’ ಅಂತ ಬ್ಯಾಂಕಿನವರು ಹೇಳಲು ಆಗಬಾರದು. ಮೂರು ಕಡೆಯೂ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆ ದಿನದಿಂದ 90 ದಿನ ಲೆಕ್ಕ ಇಟ್ಟು ಏನು ಕ್ರಮ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಕರಡು ಇಲ್ಲೇ ಹಾಕಿದರೆ ತಿದ್ದಿಕೊಡುತ್ತೇನೆ.

ಲೇತ್‌ಮನೆ

ದರ್ಶಿನಿಯವರು ಪರೀಕ್ಷೆಗೆ ಒಪ್ಪಿದ್ದಾರೆ, ಟ್ಯಾಂಕರ್ ನೀರಿಗೂ ಹೇಳಿದ್ದಾರೆ. ಕರಡು ಇವತ್ತು ರಾತ್ರಿ ಹಾಕುತ್ತೇನೆ ಮೇಡಂ. ಸರ್ವೆ ನಂಬರ್ ದಿಶಾಂಕ್‌ನಲ್ಲಿ ನೋಡಿ ಬರೆಯಲಾ, ಕ್ರಯಪತ್ರದಲ್ಲಿ ಇರುವುದನ್ನೇ ಬರೆಯಲಾ?

ಕಪ್ಪುಕೋಟು

ಕ್ರಯಪತ್ರದಲ್ಲಿ ಇರುವುದನ್ನೇ ಬರೆಯಿರಿ, ಕೆಐಎಡಿಬಿ ಪ್ಲಾಟ್ ನಂಬರ್ ಜೊತೆಗೆ. ದಿಶಾಂಕ್‌ನ ಸ್ಕ್ರೀನ್‌ಶಾಟ್ ಹಿಂದೆ ಲಗತ್ತಿಸಿ.